ಹುಲಿಗಿಂತ ಚೀತಾ ಹೆಚ್ಚು ಸುರಕ್ಷಿತವೇ? ದೊಡ್ಡ ಬೆಕ್ಕುಗಳ ಸ್ಥಿತಿಯನ್ನು ಹೋಲಿಸುವುದು ಹೇಗೆ?

ಕಾಡಂಚು

ಶಾಲಾ ಮಕ್ಕಳಿಗಾಗಿ ದೊಡ್ಡ ಬೆಕ್ಕುಗಳನ್ನು ಹೋಲಿಸುವ ಒಂದು ಗೋಡೆಪಟವನ್ನು ಸಿದ್ಧಪಡಿಸುತ್ತಿದ್ದೇನೆ. ಹುಲಿ, ಸಿಂಹ, ಚಿರತೆ, ಹಿಮ ಚಿರತೆ, ಜಾಗ್ವಾರ್, ಚೀತಾ ಮತ್ತು ಪ್ಯೂಮಾ ಎಂಬ ಏಳು ಪ್ರಾಣಿಗಳನ್ನು ಆರಿಸಿಕೊಂಡಿದ್ದೇನೆ. ನೆಲೆ, ಆಹಾರ, ಮೈಮೇಲಿನ ಗುರುತು ಇವುಗಳನ್ನು ತುಂಬಿಸುವುದು ಕಷ್ಟವಾಗಲಿಲ್ಲ. ಕೊನೆಯ ಅಂಕಣಕ್ಕೆ ಬಂದಾಗ ಕೈ ತಡೆಯಿತು. ಅಲ್ಲಿ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪು ಪಟ್ಟಿಯ, ಅಂದರೆ ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಪಟ್ಟಿಯ, ಸ್ಥಾನವನ್ನು ಬರೆಯಬೇಕೆಂದಿದ್ದೆ: ಹುಲಿ 'ಅಳಿವಿನಂಚು', ಸಿಂಹ, ಚಿರತೆ, ಹಿಮ ಚಿರತೆ, ಚೀತಾ ಈ ನಾಲ್ಕೂ 'ದುರ್ಬಲ', ಜಾಗ್ವಾರ್ 'ಅಪಾಯದ ಸಮೀಪ', ಪ್ಯೂಮಾ 'ಕನಿಷ್ಠ ಕಾಳಜಿ'.

ನನ್ನ ಗೊಂದಲ ಇಷ್ಟೇ. 2022ರ ಮೌಲ್ಯಮಾಪನದ ಪ್ರಕಾರ ಕಾಡಿನಲ್ಲಿರುವ ಹುಲಿಗಳ ಸಂಖ್ಯೆ 3,726ರಿಂದ 5,578ರ ನಡುವೆ ಇದೆ. 2016ರ ಒಂದು ದೊಡ್ಡ ಅಧ್ಯಯನವು ಚೀತಾಗಳನ್ನು ಸುಮಾರು 7,100 ಎಂದು ಅಂದಾಜಿಸಿತು. ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯ ಸಂಖ್ಯೆಗಳು. ಆದರೂ ಒಂದಕ್ಕೆ 'ಅಳಿವಿನಂಚು' ಎಂದೂ ಇನ್ನೊಂದಕ್ಕೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಸ್ಥಾನವನ್ನೂ ಕೊಟ್ಟರೆ, ಚೀತಾ ಹುಲಿಗಿಂತ ನೆಮ್ಮದಿಯಾಗಿದೆ ಎಂದು ಮಕ್ಕಳು ಅರ್ಥಮಾಡಿಕೊಳ್ಳುವುದಿಲ್ಲವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಹೆಜ್ಜೆಗುರುತು

ಒಳ್ಳೆಯ ಪ್ರಶ್ನೆ. ಕೆಂಪು ಪಟ್ಟಿಯು ತಲೆ ಎಣಿಸಿ ಸ್ಥಾನ ಕೊಡುವ ಪಟ್ಟಿಯಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಒಂದು ಪ್ರಾಣಿಯ ಮೂರು ತಲೆಮಾರುಗಳ ಅವಧಿಯಲ್ಲಿ ಅದರ ಸಂಖ್ಯೆ ಎಷ್ಟು ಕುಸಿದಿದೆ ಎಂಬುದು ಅಲ್ಲಿನ ಬಹುಮುಖ್ಯ ಅಳತೆಗೋಲುಗಳಲ್ಲಿ ಒಂದು. ಕುಸಿತಕ್ಕೆ ಕಾರಣವಾದುದು ಇನ್ನೂ ನಿಂತಿಲ್ಲದಿದ್ದರೆ, ಶೇ. 30ರಷ್ಟು ಕುಸಿದ ಪ್ರಾಣಿ 'ದುರ್ಬಲ', ಶೇ. 50ರಷ್ಟು ಕುಸಿದದ್ದು 'ಅಳಿವಿನಂಚು', ಶೇ. 80ರಷ್ಟು ಕುಸಿದದ್ದು 'ತೀವ್ರ ಅಳಿವಿನಂಚು' ಎಂದಾಗುತ್ತದೆ. ಇದಲ್ಲದೆ ಸಂಖ್ಯೆಯನ್ನೇ ಆಧರಿಸಿದ ಅಳತೆಯೂ ಇದೆ. ಇಳಿಮುಖವಾಗಿರುವ ಒಂದು ಪ್ರಭೇದದಲ್ಲಿ ಮರಿ ಹಾಕುವ ವಯಸ್ಸಿನ ಪ್ರಾಣಿಗಳು 10,000ಕ್ಕಿಂತ ಕಡಿಮೆ ಇದ್ದರೆ ಅದು 'ದುರ್ಬಲ' ಎನಿಸಿಕೊಳ್ಳಬಹುದು, 2,500ಕ್ಕಿಂತ ಕಡಿಮೆಯಾದರೆ 'ಅಳಿವಿನಂಚು'. ಚೀತಾದ ಸಂಖ್ಯೆ ಮೊದಲನೆಯ ಗೆರೆಯ ಕೆಳಗೆ, ಎರಡನೆಯದರ ಮೇಲೆ ಬೀಳುತ್ತದೆ. ಹುಲಿಯನ್ನು ಮೇಲಿನ ಸ್ಥಾನದಲ್ಲಿ ಉಳಿಸಿರುವುದು ಈಗಿನ ಸಂಖ್ಯೆಗಿಂತ ಹೆಚ್ಚಾಗಿ ಅದು ಕಳೆದುಕೊಂಡಿರುವ ಪ್ರಮಾಣ.

ಆದ್ದರಿಂದ 'ದುರ್ಬಲ' ಎಂಬ ಪದವನ್ನು 'ಪರವಾಗಿಲ್ಲ' ಎಂದು ಓದಬಾರದು. ಅದೂ ಅಳಿವಿನ ಅಪಾಯದ ಒಳಗಿನ ಸ್ಥಾನವೇ. ತಾವು ಹೇಳಿದ 2016ರ ಅಧ್ಯಯನವನ್ನು ಮಾಡಿದವರೇ ಚೀತಾವನ್ನು 'ಅಳಿವಿನಂಚು' ವರ್ಗಕ್ಕೆ ಏರಿಸಬೇಕೆಂದು ಒತ್ತಾಯಿಸಿದ್ದರು. ಅವರು ಮುಂದಿಟ್ಟ ಕಾರಣ ಗಂಭೀರವಾದುದು. ಚೀತಾದ ನೆಲೆಯ ಸುಮಾರು ಶೇ. 77 ಭಾಗ ಯಾವುದೇ ಸಂರಕ್ಷಿತ ಪ್ರದೇಶಕ್ಕೆ ಸೇರಿಲ್ಲ. ಸಂರಕ್ಷಿತ ಪ್ರದೇಶಗಳ ಒಳಗೆ ಎಣಿಕೆ ನಡೆಯುತ್ತದೆ, ಅಲ್ಲಿ ಸ್ಥಿತಿ ತಕ್ಕಮಟ್ಟಿಗೆ ಚೆನ್ನಾಗಿಯೂ ಕಾಣುತ್ತದೆ. ಹೊರಗಿನ ಇಳಿಕೆ ಯಾರ ಕಣ್ಣಿಗೂ ಬೀಳದೆ ಸಾಗುತ್ತದೆ.

ಹುಲ್ಲುಗಾವಲು

ವಿಷಯಕ್ಕೆ ಬರುವ ಮೊದಲು ಹೆಸರಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಮಕ್ಕಳ ಪಟದಲ್ಲಿ ಇದು ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ. ಚಿರತೆ ಬೇರೆ, ಚೀತಾ ಬೇರೆ. ಎರಡೂ ಪದಗಳ ಉಚ್ಚಾರ ಹತ್ತಿರವಿರುವುದರಿಂದ ಪತ್ರಿಕೆಗಳಲ್ಲಿಯೂ ಒಂದರ ಚಿತ್ರಕ್ಕೆ ಇನ್ನೊಂದರ ಹೆಸರು ಬಿದ್ದಿರುವುದನ್ನು ಅನೇಕ ಸಲ ಕಂಡಿದ್ದೇನೆ. ಚೀತಾಕ್ಕೆ ಶಿವಂಗಿ ಎಂಬ ಹಳೆಯ ಹೆಸರೂ ಉಂಟು. ಅದು ಮತ್ತೆ ಬಳಕೆಗೆ ಬಂದರೆ ಗೊಂದಲ ಕಡಿಮೆಯಾದೀತು ಎಂಬುದು ನನ್ನ ಆಸೆ. ಚೀತಾದ ಮೈಮೇಲೆ ಇರುವುದು ತುಂಬು ಕಪ್ಪು ಚುಕ್ಕೆಗಳು, ಕಣ್ಣಿನ ಒಳಮೂಲೆಯಿಂದ ಬಾಯಿಯವರೆಗೆ ಕಣ್ಣೀರಿನ ಜಾಡಿನಂತೆ ಇಳಿದ ಕಪ್ಪು ಗೆರೆ. ಚಿರತೆಯ ಗುರುತುಗಳು ನಡುವೆ ಟೊಳ್ಳಾದ, ಹೂವಿನ ಎಸಳು ಜೋಡಿಸಿದಂತಹ ವೃತ್ತಗಳು. ಜಾಗ್ವಾರಿನ ವೃತ್ತಗಳು ಇನ್ನೂ ದೊಡ್ಡವು, ಅವುಗಳೊಳಗೆ ಮತ್ತೆ ಒಂದೆರಡು ಚುಕ್ಕೆಗಳಿರುತ್ತವೆ. ಹುಲಿ, ಸಿಂಹ, ಚಿರತೆ, ಜಾಗ್ವಾರ್ ಮತ್ತು ಹಿಮ ಚಿರತೆ ಒಂದೇ ಕುಲಕ್ಕೆ ಸೇರಿದವು. ಚೀತಾ ಮತ್ತು ಪ್ಯೂಮಾ ಬೇರೆ ಕವಲಿನವು, ಅವು ಗರ್ಜಿಸುವುದಿಲ್ಲ. ಹಿಮ ಚಿರತೆಯೂ ಗರ್ಜಿಸಲಾರದು ಎಂಬುದು ಮಕ್ಕಳಿಗೆ ಬಹಳ ಇಷ್ಟವಾಗುವ ಸಂಗತಿ.

ಇನ್ನು ಚೀತಾದ ಸ್ಥಿತಿ. ಸಂಖ್ಯೆಯಲ್ಲಿ ಕಾಣದ ಇನ್ನೊಂದು ತೊಂದರೆ ಅದರ ರಕ್ತದಲ್ಲಿಯೇ ಇದೆ. 1980ರ ದಶಕದಲ್ಲಿ ವಿಜ್ಞಾನಿಗಳು ಪರಸ್ಪರ ಸಂಬಂಧವಿಲ್ಲದ ಚೀತಾಗಳ ನಡುವೆ ಚರ್ಮದ ಕಸಿ ಮಾಡಿ ನೋಡಿದಾಗ, ಅವುಗಳ ದೇಹವು ಆ ಚರ್ಮವನ್ನು ಪರಕೀಯವೆಂದು ಕೂಡಲೇ ತಿರಸ್ಕರಿಸಲಿಲ್ಲ. ಬಹಳ ಹಿಂದೆ ಇಡೀ ಪ್ರಭೇದವೇ ಅತಿ ಸಣ್ಣ ಸಂಖ್ಯೆಗೆ ಕುಗ್ಗಿ ಮತ್ತೆ ಬೆಳೆದುದರಿಂದ ಅವುಗಳ ಆನುವಂಶಿಕ ವೈವಿಧ್ಯ ಅಷ್ಟರಮಟ್ಟಿಗೆ ಕಿರಿದಾಗಿದೆ. ಏಷ್ಯಾದ ಚೀತಾ ಈಗ ಇರಾನಿನಲ್ಲಿ ಮಾತ್ರ, ಕೆಲವೇ ಕೆಲವು ಉಳಿದಿವೆ. ಅದರ ಉಪಪ್ರಭೇದಕ್ಕೆ 'ತೀವ್ರ ಅಳಿವಿನಂಚು' ಎಂಬ ಸ್ಥಾನವಿದೆ. ಆಫ್ರಿಕಾದ ದಕ್ಷಿಣ ಭಾಗದ ಚೀತಾಗಳನ್ನೂ ಇರಾನಿನ ಚೀತಾಗಳನ್ನೂ ಒಂದೇ 'ದುರ್ಬಲ' ಎಂಬ ಪದದಲ್ಲಿ ಕಟ್ಟಿಹಾಕಿದರೆ ಎರಡನೆಯವುಗಳಿಗೆ ಅನ್ಯಾಯವಾಗುತ್ತದೆ.

ನದಿತಿರುವು

ಹುಲ್ಲುಗಾವಲು ಅವರ ಕೊನೆಯ ಮಾತನ್ನೇ ಮುಂದುವರಿಸುತ್ತೇನೆ, ಏಕೆಂದರೆ ಅದು ಜಾಗ್ವಾರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. 'ಅಪಾಯದ ಸಮೀಪ' ಎಂಬ ಸ್ಥಾನವನ್ನು ಓದಿದವರು ಜಾಗ್ವಾರ್ ಕುರಿತು ಚಿಂತೆ ಬೇಡವೆಂದು ಭಾವಿಸುತ್ತಾರೆ. ಆ ಸ್ಥಾನವನ್ನು ಎತ್ತಿಹಿಡಿದಿರುವುದು ಅಮೆಜಾನಿನ ವಿಶಾಲವಾದ ಒಂದೇ ಕಾಡು. ಜಾಗ್ವಾರಿನ ನೆಲೆಯನ್ನು 34 ತುಣುಕುಗಳಾಗಿ ವಿಂಗಡಿಸಿ ಪ್ರತಿಯೊಂದನ್ನೂ ಕೆಂಪು ಪಟ್ಟಿಯ ಅಳತೆಗಳಿಂದಲೇ ಪರೀಕ್ಷಿಸಿದಾಗ, ಅಮೆಜಾನ್ ಹೊರತು ಉಳಿದ 33 ಕೂಡ 'ಅಳಿವಿನಂಚು' ಅಥವಾ 'ತೀವ್ರ ಅಳಿವಿನಂಚು' ಎಂದು ಕಂಡುಬಂದವು. ಎಲ್ ಸಾಲ್ವಡಾರ್ ಮತ್ತು ಉರುಗ್ವೆಯಲ್ಲಿ ಅದು ಈಗಾಗಲೇ ಇಲ್ಲವಾಗಿದೆ.

ಆದರೆ ಇದೇ ಪ್ರಾಣಿಯ ವಿಷಯದಲ್ಲಿ ಸಂತೋಷದ ಸಂಗತಿಯೂ ಒಂದಿದೆ. ಅರ್ಜೆಂಟೀನಾದ ಇಬೆರಾ ಜೌಗು ಪ್ರದೇಶದಲ್ಲಿ ಜಾಗ್ವಾರ್ ಕಣ್ಮರೆಯಾಗಿ ಏಳು ದಶಕ ಕಳೆದ ಮೇಲೆ, 2021ರ ಜನವರಿಯಲ್ಲಿ ಒಂದು ತಾಯಿಯನ್ನೂ ಅದರ ಎರಡು ಮರಿಗಳನ್ನೂ ಅಲ್ಲಿ ಬಿಡುಗಡೆ ಮಾಡಲಾಯಿತು. ಆ ಮೇಲೆ ಇನ್ನಷ್ಟು ಪ್ರಾಣಿಗಳನ್ನು ಬಿಟ್ಟರು, ಈಗ ಅಲ್ಲಿಯೇ ಹುಟ್ಟಿದ ಮರಿಗಳು ಓಡಾಡುತ್ತಿವೆ. ನೆಲೆಯೂ ಆಹಾರವೂ ಉಳಿದಿದ್ದರೆ ಕಳೆದುಹೋದ ಪ್ರಾಣಿಯನ್ನು ಮರಳಿ ತರಬಹುದು. ನೆಲೆಯೇ ಹೋದರೆ ಎಷ್ಟು ಹಣವಿದ್ದರೂ ಆಗದು.

ಬಿಳಿಬೆಟ್ಟ

ಹಿಮ ಚಿರತೆಯ ಬಗ್ಗೆ ನಾನು ಬರೆಯಲೇಬೇಕು. 1972ರಿಂದ 'ಅಳಿವಿನಂಚು' ಎಂದಿದ್ದ ಇದರ ಸ್ಥಾನವನ್ನು 2017ರಲ್ಲಿ 'ದುರ್ಬಲ' ಎಂದು ಬದಲಾಯಿಸಲಾಯಿತು. ಅನೇಕ ವಿಜ್ಞಾನಿಗಳು ಆಗ ಬಹಿರಂಗವಾಗಿಯೇ ವಿರೋಧಿಸಿದರು. ಹಿಮ ಚಿರತೆ ಹೆಚ್ಚಾಗಿದೆ ಎಂಬುದು ಬದಲಾವಣೆಯ ಅರ್ಥವಾಗಿರಲಿಲ್ಲ. ಪ್ರಾಯಕ್ಕೆ ಬಂದ ಪ್ರಾಣಿಗಳ ಅಂದಾಜು 2,500ರ ಗೆರೆಗಿಂತ ತುಸು ಮೇಲೆ ನಿಂತಿತು, ಇಳಿಕೆಯ ವೇಗವೂ ಹಿಂದೆ ಊಹಿಸಿದಷ್ಟು ಇಲ್ಲವೆಂದು ಮೌಲ್ಯಮಾಪಕರು ನಿರ್ಣಯಿಸಿದರು, ಅಷ್ಟೇ. ವಿರೋಧಿಸಿದವರ ವಾದವೇನೆಂದರೆ, ಹನ್ನೆರಡು ದೇಶಗಳಲ್ಲಿ ಹರಡಿರುವ ಅದರ ನೆಲೆಯ ಅತಿ ಸಣ್ಣ ಭಾಗದಲ್ಲಿ ಮಾತ್ರ ಸರಿಯಾದ ಎಣಿಕೆ ನಡೆದಿದೆ, ಅದೂ ಹಿಮ ಚಿರತೆ ಹೆಚ್ಚಾಗಿರುವ ಕಣಿವೆಗಳನ್ನೇ ಆಯ್ದುಕೊಂಡು. ಅಲ್ಲಿನ ದಟ್ಟಣೆಯನ್ನು ಇಡೀ ಪರ್ವತಶ್ರೇಣಿಗೆ ಗುಣಿಸಿದರೆ ಸಂಖ್ಯೆ ಉಬ್ಬುತ್ತದೆ. ಈ ವಾದದಲ್ಲಿ ಹುರುಳಿದೆ ಎಂದೇ ನನಗನಿಸುತ್ತದೆ. ಭಾರತವು ತನ್ನ ಹಿಮ ಚಿರತೆಗಳ ಮೊದಲ ವ್ಯವಸ್ಥಿತ ಎಣಿಕೆಯನ್ನು ಪ್ರಕಟಿಸಿದ್ದು 2024ರಲ್ಲಿ. ಸಂಖ್ಯೆ 718. ಅಂದರೆ ಸ್ಥಾನ ಬದಲಾದ ಕಾಲಕ್ಕೆ ಇಂತಹ ಎಣಿಕೆಗಳು ಆಗಿಯೇ ಇರಲಿಲ್ಲ.

ಹತ್ತಿರದಿಂದ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಎತ್ತರದ ಪ್ರದೇಶಗಳಲ್ಲಿ ಕುರಿ ಮೇಕೆಗಳನ್ನು ರಾತ್ರಿ ಕೂಡುವ ದೊಡ್ಡಿಗಳಿಗೆ ಕಲ್ಲಿನ ಗೋಡೆಯಿರುತ್ತದೆ, ಮೇಲೆ ಮುಚ್ಚಿಗೆ ಇರುವುದಿಲ್ಲ. ಹಿಮ ಚಿರತೆ ಗೋಡೆ ಹಾರಿ ಒಳಗಿಳಿದರೆ ಕುರಿಗಳು ಗಾಬರಿಯಿಂದ ಒಂದರ ಮೇಲೊಂದು ಬೀಳುತ್ತವೆ, ಓಡಲು ದಾರಿಯಿಲ್ಲ. ಕದಲುವ ಪ್ರತಿಯೊಂದನ್ನೂ ಕಚ್ಚುವುದು ಆ ಪ್ರಾಣಿಯ ಸ್ವಭಾವ. ಬೆಳಗಾಗುವಷ್ಟರಲ್ಲಿ ಒಂದು ಮನೆಯ ಇಡೀ ವರ್ಷದ ಬಾಳು ಮಣ್ಣುಪಾಲಾಗಿರುತ್ತದೆ. ಅಂತಹ ಬೆಳಗಿನಲ್ಲಿ ದೊಡ್ಡಿಯ ಬಾಗಿಲಲ್ಲಿ ನಿಂತ ಕುರಿಗಾಹಿಗೆ ಇದು ಅಪರೂಪದ ಪ್ರಾಣಿ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ದೊಡ್ಡಿಯ ಮೇಲೆ ಗಟ್ಟಿಯಾದ ತಂತಿಬಲೆಯನ್ನು ಹೊದಿಸಿ, ಗಾಳಿಕಿಂಡಿಗಳಿಗೆ ಜಾಲರಿ ಬಡಿದು, ಬಾಗಿಲನ್ನು ಬಿಗಿಮಾಡಿದರೆ ಈ ದುರಂತ ನಿಲ್ಲುತ್ತದೆ. ಹೀಗೆ ಭದ್ರಪಡಿಸಿದ ದೊಡ್ಡಿಗಳಿರುವ ಕಡೆ ಸೇಡಿಗಾಗಿ ಹಿಮ ಚಿರತೆಯನ್ನು ಕೊಲ್ಲುವುದೂ ಕಡಿಮೆಯಾಗುತ್ತದೆ. ತಮ್ಮ ಪಟದಲ್ಲಿ 'ಅಪಾಯಗಳು' ಎಂಬ ಅಂಕಣವಿದ್ದರೆ ಬರೀ ಬೇಟೆ ಎಂದು ಬರೆಯದೆ ಇದನ್ನೂ ಸೇರಿಸಿ.

ಕಾಡಂಚು

ಎಲ್ಲರಿಗೂ ವಂದನೆಗಳು. ನನ್ನ ತಿಳಿವಳಿಕೆ ಬಹಳಷ್ಟು ತಿದ್ದಿಕೊಂಡಿತು. ಆದರೆ ಇನ್ನೊಂದು ಸಂದೇಹ ಹುಟ್ಟಿದೆ. ಭಾರತದಲ್ಲಿ ಹುಲಿಗಳು 2006ರಲ್ಲಿ 1,411 ಇದ್ದವು, 2022ರ ಎಣಿಕೆಯಲ್ಲಿ 3,682 ಎಂದು ಬಂತು. ನೇಪಾಳದಲ್ಲಿ 2009ರ 121, 2022ರಲ್ಲಿ 355 ಆಯಿತು. ಇಷ್ಟು ಹೆಚ್ಚಿದ ಮೇಲೂ ಹುಲಿಯನ್ನು 'ಅಳಿವಿನಂಚು' ಎಂದೇ ಏಕೆ ಇರಿಸಿದ್ದಾರೆ?

ಹೆಜ್ಜೆಗುರುತು

ಏಕೆಂದರೆ ಹುಲಿಯ ನೆಲೆ ಭಾರತ, ನೇಪಾಳಗಳಲ್ಲಿಯೇ ಮುಗಿಯುವುದಿಲ್ಲ. ಕಾಂಬೋಡಿಯಾದಲ್ಲಿ ಕ್ಯಾಮೆರಾಕ್ಕೆ ಸಿಕ್ಕ ಕೊನೆಯ ಹುಲಿ 2007ರದು, ಲಾವೋಸಿನಲ್ಲಿ 2013ರದು. ವಿಯೆಟ್ನಾಮಿನಲ್ಲಿಯೂ ಹುಲಿ ಉಳಿದಿಲ್ಲ. ಮಲೇಷ್ಯಾದಲ್ಲಿ 150ಕ್ಕಿಂತ ಕಡಿಮೆ ಹುಲಿಗಳಿವೆ. ಬಾಲಿ, ಜಾವಾ ಮತ್ತು ಕ್ಯಾಸ್ಪಿಯನ್ ಹುಲಿಗಳು ಕಳೆದ ಶತಮಾನದಲ್ಲಿಯೇ ಅಳಿದವು. ದಕ್ಷಿಣ ಚೀನಾದ ಹುಲಿ ಈಗ ಕಾಣಸಿಗುವುದು ಬಂಧನದಲ್ಲಿ ಮಾತ್ರ. ಒಂದು ಮೂಲೆಯ ಏರಿಕೆ ಇನ್ನೊಂದು ಮೂಲೆಯ ಅಳಿವನ್ನು ಅಳಿಸಿಹಾಕುವುದಿಲ್ಲ.

ಆಗ್ನೇಯ ಏಷ್ಯಾದ ಈ ಕಾಡುಗಳಲ್ಲಿ ಮರಗಳು ಇನ್ನೂ ನಿಂತಿವೆ, ಪ್ರಾಣಿಗಳಿಲ್ಲ. ಕಾರಣ ಉರುಳು. ತಂತಿಯ ಒಂದು ತುಂಡು, ಒಂದು ಕುಣಿಕೆ, ಬಗ್ಗಿಸಿ ಕಟ್ಟಿದ ಒಂದು ಎಳೆಯ ಮರ, ಇಷ್ಟೇ ಸಾಕು. ಜಿಂಕೆಗೆಂದು ಹೂಡಿದ ಉರುಳಿಗೆ ಹುಲಿಯ ಮುಂಗಾಲು ಸಿಕ್ಕರೆ ಅದು ಎಳೆದಷ್ಟೂ ತಂತಿ ಮಾಂಸದೊಳಗೆ ಇಳಿಯುತ್ತದೆ. ಕಿತ್ತುಕೊಂಡು ಹೋದರೂ ಮೂರು ಕಾಲಿನ ಹುಲಿ ಬೇಟೆಯಾಡಲಾರದು. ಉರುಳು ಯಾವ ಪ್ರಾಣಿ ಎಂದು ನೋಡುವುದಿಲ್ಲ, ಆದ್ದರಿಂದ ಹುಲಿಯ ಜೊತೆಗೆ ಅದರ ಆಹಾರವಾದ ಜಿಂಕೆ, ಕಾಡುಹಂದಿಗಳೂ ಮುಗಿಯುತ್ತವೆ. ಕಾಂಬೋಡಿಯಾ, ಲಾವೋಸ್, ವಿಯೆಟ್ನಾಮ್ ಮೂರರ ಸಂರಕ್ಷಿತ ಪ್ರದೇಶಗಳಲ್ಲಿಯೇ ಒಂದು ಕೋಟಿಗೂ ಹೆಚ್ಚು ಉರುಳುಗಳಿವೆ ಎಂಬ ಅಂದಾಜಿದೆ.

ಬಂಧನದಲ್ಲಿರುವ ಹುಲಿಗಳ ಮಾತೂ ಇಲ್ಲಿ ಬರಬೇಕು. ಏಷ್ಯಾದ ಹುಲಿ ಫಾರಂಗಳಲ್ಲಿ ಮತ್ತು ಅಂತಹ ಕೇಂದ್ರಗಳಲ್ಲಿ 8,000ಕ್ಕೂ ಹೆಚ್ಚು ಹುಲಿಗಳಿವೆ, ಅಂದರೆ ಕಾಡಿನಲ್ಲಿರುವುದಕ್ಕಿಂತ ಹೆಚ್ಚು. ಕೆಂಪು ಪಟ್ಟಿ ಅವುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿಯಲೂಬಾರದು. ಅವು ಕಾಡಿಗೆ ಮರಳುವ ಹುಲಿಗಳಲ್ಲ. ಮೂಳೆ ಮತ್ತು ಚರ್ಮದ ಬೇಡಿಕೆಯನ್ನು ಜೀವಂತವಾಗಿ ಇರಿಸಿ ಕಾಡಿನ ಹುಲಿಯ ಕುತ್ತಿಗೆಗೆ ಬೆಲೆ ಕಟ್ಟುವುದಷ್ಟೇ ಅವುಗಳಿಂದ ಆಗಿರುವ ಕೆಲಸ.

ಪಟ್ಟೆಹೊಂದಿಕೆ

ಎಣಿಕೆಯ ಮಾತು ಬಂದುದರಿಂದ ಸೇರಿಸುತ್ತಿದ್ದೇನೆ. ನಾನು ಕೆಲವು ಕಾಲ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳನ್ನು ವಿಂಗಡಿಸುವ ಕೆಲಸ ಮಾಡಿದ್ದೇನೆ. ಕಾಡಿನ ದಾರಿಯ ಎರಡೂ ಬದಿಯಲ್ಲಿ ಮೊಣಕಾಲೆತ್ತರಕ್ಕೆ ಎದುರುಬದುರಾಗಿ ಎರಡು ಕ್ಯಾಮೆರಾಗಳನ್ನು ಕಟ್ಟುತ್ತಾರೆ, ಏಕೆಂದರೆ ಹುಲಿಯ ಎಡಮೈಯ ಪಟ್ಟೆಗಳಿಗೂ ಬಲಮೈಯ ಪಟ್ಟೆಗಳಿಗೂ ಹೊಂದಿಕೆಯಿರುವುದಿಲ್ಲ. ಒಂದೇ ಬದಿಯ ಚಿತ್ರವಿದ್ದರೆ ಒಂದು ಹುಲಿಯನ್ನು ಎರಡೆಂದು ಎಣಿಸುವ ಅಪಾಯವಿದೆ. ತಂತ್ರಾಂಶವು ಹೋಲುವ ಚಿತ್ರಗಳನ್ನು ಮುಂದಿಟ್ಟ ಮೇಲೂ ಕೊನೆಯ ತೀರ್ಮಾನ ಕಣ್ಣಿನದೇ. ಪಕ್ಕೆಯ ಮೇಲೆ ಕವಲೊಡೆದ ಒಂದು ಪಟ್ಟೆ, ತೊಡೆಯ ಬಳಿ ಕುಣಿಕೆಯಂತೆ ಕೂಡಿಕೊಂಡ ಇನ್ನೊಂದು, ಹೀಗೆ ಮೂರು ನಾಲ್ಕು ಗುರುತುಗಳು ಕೂಡಿಬಂದರೆ ಮಾತ್ರ ಅದೇ ಹುಲಿ ಎಂದು ಬರೆದುಕೊಳ್ಳುತ್ತಿದ್ದೆವು. ಈ ವಿಧಾನವನ್ನು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಹುಲಿಗಳಿಗೆ ಅಳವಡಿಸಿ ತೋರಿಸಿದರು. ಅದಕ್ಕೂ ಹಿಂದೆ ಪಂಜದ ಗುರುತುಗಳನ್ನು ಗಾಜಿನ ಮೇಲೆ ಬರೆದುಕೊಂಡು ಎಣಿಸುವ ಪದ್ಧತಿಯಿತ್ತು. ಆ ಪದ್ಧತಿಯ ಲೆಕ್ಕದಲ್ಲಿ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ, 2005ರ ಹೊತ್ತಿಗೆ ನಿಜವಾಗಿ ಒಂದೂ ಹುಲಿ ಇರಲಿಲ್ಲ. 2008ರಲ್ಲಿ ರಣಥಂಬೋರಿನಿಂದ ಹುಲಿಗಳನ್ನು ತಂದು ಬಿಡಬೇಕಾಯಿತು.

ಆದ್ದರಿಂದ 2006ಕ್ಕೂ ಹಿಂದಿನ ಅಂಕಿಗಳನ್ನು ಇಂದಿನ ಅಂಕಿಗಳ ಪಕ್ಕದಲ್ಲಿಟ್ಟು ಮಕ್ಕಳಿಗೆ ತೋರಿಸಬೇಡಿ ಎಂದು ವಿನಂತಿಸುತ್ತೇನೆ. ಎರಡೂ ಬೇರೆ ಬೇರೆ ಅಳತೆಗೋಲುಗಳಿಂದ ಬಂದವು. 2006ರ ನಂತರವೂ ಕ್ಯಾಮೆರಾಗಳು ಹೆಚ್ಚಾಗಿವೆ, ಹೊಸ ಪ್ರದೇಶಗಳು ಸೇರಿವೆ, ಮರಿಗಳನ್ನು ಎಣಿಸುವ ವಯಸ್ಸಿನ ಮಿತಿಯೂ ಬದಲಾಗಿದೆ. ಏರಿಕೆ ನಿಜ. ಅದರ ಪ್ರಮಾಣವನ್ನು ಹೇಳುವಾಗ ಎಚ್ಚರ ಬೇಕು.

ಹುಲ್ಲುಗಾವಲು

ಸಿಂಹದ ಬಗ್ಗೆ ಯಾರೂ ಇನ್ನೂ ಬರೆದಿಲ್ಲ. ಆಯ್ದ ಸಿಂಹ ಸಮೂಹಗಳಲ್ಲಿ 1993ರಿಂದ 2014ರ ನಡುವೆ ಶೇ. 43ರಷ್ಟು ಇಳಿಕೆಯಾಗಿದೆ ಎಂದು ಕೆಂಪು ಪಟ್ಟಿಯ ಮೌಲ್ಯಮಾಪನ ಹೇಳಿತು. ಇದೇ ಅವಧಿಯಲ್ಲಿ ಬೋಟ್ಸ್ವಾನಾ, ನಮೀಬಿಯಾ, ದಕ್ಷಿಣ ಆಫ್ರಿಕಾ, ಜಿಂಬಾಬ್ವೆ ಮತ್ತು ಭಾರತದಲ್ಲಿ ಶೇ. 12ರಷ್ಟು ಏರಿಕೆಯಾಗಿತ್ತು. ಪಶ್ಚಿಮ ಆಫ್ರಿಕಾದ ಇಡೀ ವಿಸ್ತಾರದಲ್ಲಿ ಉಳಿದಿರುವುದು ಸುಮಾರು 400 ಸಿಂಹಗಳೆಂದು 2014ರ ಅಧ್ಯಯನವೊಂದು ಅಂದಾಜಿಸಿತು. ಬೇಲಿ ಹಾಕಿದ ದಕ್ಷಿಣದ ಮೀಸಲು ಕಾಡುಗಳ ಸಿಂಹಗಳನ್ನೂ ಇವುಗಳನ್ನೂ ಒಂದೇ ಸರಾಸರಿಯಲ್ಲಿ ಕರಗಿಸಿದಾಗ 'ದುರ್ಬಲ' ಎಂಬ ಪದ ಹೊರಬರುತ್ತದೆ.

ಗುಜರಾತಿನ ಗಿರ್ ಸಿಂಹಗಳದು ಬೇರೆಯೇ ಕಥೆ. 2025ರ ಎಣಿಕೆಯಲ್ಲಿ 891 ಎಂದು ಬಂದಿದೆ, ಇದು ನಿಜಕ್ಕೂ ಹೆಮ್ಮೆಯ ಸಾಧನೆ. ಆದರೆ ಅಷ್ಟೂ ಸಿಂಹಗಳು ಒಂದೇ ಪ್ರದೇಶದಲ್ಲಿವೆ. 1994ರಲ್ಲಿ ಸೆರೆಂಗೆಟಿಯಲ್ಲಿ ನಾಯಿಗಳ ಡಿಸ್ಟೆಂಪರ್ ರೋಗ ಹಬ್ಬಿದಾಗ ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಸತ್ತವು. ಅದೇ ರೋಗ 2018ರಲ್ಲಿ ಗಿರ್‌ನಲ್ಲಿ ಕಾಣಿಸಿಕೊಂಡು ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಅದು ಅಷ್ಟಕ್ಕೇ ನಿಂತದ್ದು ನಮ್ಮ ಪುಣ್ಯ. ದೂರದಲ್ಲಿ ಎರಡನೆಯ ನೆಲೆ ಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿಯೇ ತೀರ್ಪು ನೀಡಿ, ಮಧ್ಯಪ್ರದೇಶದ ಕುನೋ ಕಾಡಿಗೆ ಕೆಲವು ಸಿಂಹಗಳನ್ನು ಸಾಗಿಸಲು ಹೇಳಿತ್ತು. ಸಿಂಹಗಳು ಹೋಗಲಿಲ್ಲ. 2022ರಲ್ಲಿ ಆ ಕಾಡಿಗೆ ಬಂದದ್ದು ನಮೀಬಿಯಾದ ಚೀತಾಗಳು. ಸಿಂಹಗಳಿಗೆ ಎರಡನೆಯ ಮನೆ ಆಗಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಂಖ್ಯೆ ಸಾವಿರ ದಾಟಿದರೂ ಈ ಅಪಾಯ ಹಾಗೆಯೇ ಉಳಿಯುತ್ತದೆ.

ನದಿತಿರುವು

ಪ್ಯೂಮಾದ ಸಾಲಿಗೂ ಒಂದು ಟಿಪ್ಪಣಿ ಇರಲಿ. ಕೆನಡಾದಿಂದ ದಕ್ಷಿಣ ಅಮೆರಿಕದ ತುದಿಯವರೆಗೆ ಹರಡಿರುವುದರಿಂದ ಅದಕ್ಕೆ 'ಕನಿಷ್ಠ ಕಾಳಜಿ' ಎಂಬ ಸ್ಥಾನ ಸರಿಯೇ. ಆದರೆ ಫ್ಲೋರಿಡಾದಲ್ಲಿ ಒಂಟಿಯಾಗಿ ಉಳಿದ ಪ್ಯೂಮಾಗಳು 1990ರ ದಶಕದ ಆರಂಭದಲ್ಲಿ ಇಪ್ಪತ್ತು ಮೂವತ್ತಕ್ಕೆ ಇಳಿದು, ಒಳಸಂಬಂಧದಿಂದಾಗಿ ಸೊಟ್ಟ ಬಾಲ ಮತ್ತು ಹೃದಯದ ದೋಷಗಳಿರುವ ಮರಿಗಳು ಹುಟ್ಟತೊಡಗಿದ್ದವು. 1995ರಲ್ಲಿ ಟೆಕ್ಸಾಸಿನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟ ಮೇಲೆ ಮರಿಗಳ ಆರೋಗ್ಯ ಸುಧಾರಿಸಿತು, ಸಂಖ್ಯೆ ನೂರನ್ನು ದಾಟಿತು. ಈಗ ಅವುಗಳನ್ನು ಹೆಚ್ಚಾಗಿ ಕೊಲ್ಲುತ್ತಿರುವುದು ರಸ್ತೆಯ ವಾಹನಗಳು.

ಹೆಜ್ಜೆಗುರುತು

ಚಿರತೆಯೊಂದು ಬಾಕಿ ಉಳಿಯಿತು. ಎಲ್ಲೆಡೆಯೂ ಹೊಂದಿಕೊಂಡು ಬದುಕುವ ಪ್ರಾಣಿ ಎಂಬ ಹೆಸರೇ ಅದಕ್ಕೆ ಮುಳುವಾಗಿದೆ. ಊರಿನ ಅಂಚಿನಲ್ಲಿ ಆಗಾಗ ಕಾಣಿಸಿಕೊಳ್ಳುವುದರಿಂದ ಹೇರಳವಾಗಿದೆ ಎಂಬ ಭಾವನೆ ಮೂಡುತ್ತದೆ. ಅದು ತನ್ನ ಐತಿಹಾಸಿಕ ನೆಲೆಯಲ್ಲಿ ಶೇ. 75ರವರೆಗೆ ಕಳೆದುಕೊಂಡಿದೆ ಎಂದು 2016ರ ಅಧ್ಯಯನ ತೋರಿಸಿತು. ಅರೇಬಿಯಾದ ಚಿರತೆ 200ಕ್ಕಿಂತ ಕಡಿಮೆ. ರಷ್ಯಾ ಮತ್ತು ಚೀನಾದ ಗಡಿಯ ಅಮೂರ್ ಚಿರತೆ ಒಂದು ಕಾಲಕ್ಕೆ ಮೂವತ್ತರ ಆಸುಪಾಸಿಗೆ ಇಳಿದಿತ್ತು, 2012ರಲ್ಲಿ ರಷ್ಯಾ ಅದಕ್ಕೆಂದೇ ರಾಷ್ಟ್ರೀಯ ಉದ್ಯಾನವನ್ನು ಸ್ಥಾಪಿಸಿದ ನಂತರ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ.

ಕಾಡಂಚು

ಕೊನೆಯ ಅಂಕಣವನ್ನು ಮೂರಾಗಿ ಒಡೆಯುತ್ತಿದ್ದೇನೆ: ಕೆಂಪು ಪಟ್ಟಿಯ ಸ್ಥಾನ, ಅತ್ಯಂತ ಸಂಕಟದಲ್ಲಿರುವ ಸಮೂಹ, ಆ ಸಮೂಹಕ್ಕೆ ಈಗ ಬೇಕಾಗಿರುವುದು. ಸಿಂಹದ ಎದುರು 'ಪಶ್ಚಿಮ ಆಫ್ರಿಕಾ' ಎಂದೂ, ಗಿರ್‌ಗೆ 'ಎರಡನೆಯ ನೆಲೆ' ಎಂದೂ ಬರೆದಿದ್ದೇನೆ. ಹಿಮ ಚಿರತೆಯ ಎದುರು ತಂತಿಬಲೆ ಹೊದಿಸಿದ ದೊಡ್ಡಿಯ ಚಿತ್ರ ಬರುತ್ತದೆ. ಏಳು ಸಾಲುಗಳಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ತಿಳಿಸಿ.

ಪಟ್ಟೆಹೊಂದಿಕೆ

ಜಾಗವಿದ್ದರೆ ಎಂಟನೆಯ ಸಾಲಿನಲ್ಲಿ ಮೋಡ ಚಿರತೆಯನ್ನು ಸೇರಿಸಿ. ಮೈಮೇಲೆ ಮೋಡದ ತುಣುಕುಗಳಂತಹ ಗುರುತು, ದೇಹಕ್ಕೆ ಹೋಲಿಸಿದರೆ ಬಹಳ ಉದ್ದವಾದ ಕೋರೆಹಲ್ಲು, ಮರದಿಂದ ತಲೆಕೆಳಗಾಗಿ ಇಳಿಯಬಲ್ಲ ಪ್ರಾಣಿ. ಗಾತ್ರದಲ್ಲಿ ಉಳಿದವುಗಳಿಗಿಂತ ಚಿಕ್ಕದಾದುದರಿಂದ ಇಂತಹ ಪಟಗಳಲ್ಲಿ ಅದಕ್ಕೆ ಜಾಗ ಸಿಗುವುದೇ ಇಲ್ಲ. ಬೋರ್ನಿಯೊ ಮತ್ತು ಸುಮಾತ್ರಾದಲ್ಲಿರುವುದು ಬೇರೆಯೇ ಪ್ರಭೇದ ಎಂದು ಗುರುತಿಸಿದ್ದು 2006ರಲ್ಲಿ. ಎರಡೂ 'ದುರ್ಬಲ' ಪಟ್ಟಿಯಲ್ಲಿವೆ. ತೈವಾನಿನಲ್ಲಿ ಸಾವಿರಕ್ಕೂ ಹೆಚ್ಚು ಸ್ಥಳಗಳಲ್ಲಿ ಕ್ಯಾಮೆರಾ ಇಟ್ಟು ವರ್ಷಗಟ್ಟಲೆ ಹುಡುಕಿದರು. ಜಿಂಕೆ, ಕೋತಿ, ಕಾಡುಹಂದಿಗಳ ಚಿತ್ರಗಳು ಬಂದವು, ಮೋಡ ಚಿರತೆಯದು ಒಂದೂ ಬರಲಿಲ್ಲ. 2013ರಲ್ಲಿ ಆ ದ್ವೀಪದಲ್ಲಿ ಅದು ಇಲ್ಲವೆಂದು ಘೋಷಿಸಿದರು.